ಪಕ್ಕದ ಸೀಟಿನ ಬ್ರೇಕು

ಮೈದುನ ಬಣ್ಣದ ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಕೂತು, ವ್ಯಾನಿನ ಕೀಲಿ ತಿರುಗಿಸಿದ. ಡ್ರೈವರ್ ಸೀಟು ಇರಬೇಕಾದಲ್ಲಿ ಸೀಟೇ ಇರಲಿಲ್ಲ. ಗಾಲಿಕುರ್ಚಿಯನ್ನು ಕಚ್ಚಿ ಹಿಡಿಯುವ ಎರಡು ಕಬ್ಬಿಣದ ಕೊಕ್ಕೆಗಳು ನೆಲಕ್ಕೆ ಕೂತಿದ್ದವು, ಅಷ್ಟೇ. ಕಾಲಲ್ಲಿ ತಡಕಿದರೆ ಪೆಡಲುಗಳ ಮೇಲೆ ತಗಡಿನ ಮುಚ್ಚಳ. ಸ್ಟೇರಿಂಗಿನ ಪಕ್ಕದಲ್ಲಿ ಉದ್ದನೆಯ ಒಂದು ಹಿಡಿ. ಬಸ್ಸು ಓಡಿಸಿ ಓಡಿಸಿಯೇ ತಲೆ ನರೆತವನು, ಇದೊಂದು ಹಿಡಿ ಯಾವ ಲೆಕ್ಕ ಅಂದುಕೊಂಡು ತನ್ನ ಕಡೆಗೆ ಎಳೆದ. ವ್ಯಾನು ಚಂಗನೆ ನೆಗೆದು, ಗ್ಯಾರೇಜಿನ ಮುಂದಿದ್ದ ನೀರಿನ ಡ್ರಮ್ಮಿಗೆ ಗುದ್ದಿ ನಿಂತುಹೋಯಿತು. ಡಬ್ಬಿ ಉರುಳಿತು. ಡಬ್ಬಿಯ ಹಿಂದೆಯೇ ಅವನೂ.

"ತಳ್ಳಿದ್ರೆ ನಿಲ್ಲತ್ತೆ, ಎಳೆದ್ರೆ ಓಡತ್ತೆ," ಅಂದಳು ಟೈಲರಮ್ಮ. ಅವನ ಅತ್ತಿಗೆ ಅವಳು. ಮನೆ ಬಾಗಿಲಲ್ಲಿ ಗಾಲಿಕುರ್ಚಿ ನಿಲ್ಲಿಸಿಕೊಂಡು ಆಗಿನಿಂದ ನೋಡುತ್ತಿದ್ದಳು. "ನೀನು ಎಳೆದೆ."

"ಮೊದಲೇ ಹೇಳಬಾರದಾ ಅತ್ತಿಗೆ?"

"ನೀನು ಕೇಳಿದ್ಯಾ?"

ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತವರು ಬಂದ ನಗುವನ್ನು ನುಂಗಿ ಮುಖ ಆಚೆ ತಿರುಗಿಸಿದರು. ಸಾವಿನ ಮನೆ. ಒಳಗೆ, ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಅವಳ ಗಂಡ ಮಲಗಿದ್ದ. ಎಲ್ಲರೂ ಅವನನ್ನು ಮೇಸ್ತ್ರಿ ಅಂತಲೇ ಕರೆಯುವುದು. ಹಿಂದಿನ ದಿನ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಅರದಲ್ಲಿ ಕಬ್ಬಿಣ ಉಜ್ಜುತ್ತಿದ್ದವನು ಹಾಗೆಯೇ ಗೋಡೆಗೆ ಒರಗಿಬಿಟ್ಟಿದ್ದ. ಉಜ್ಜುವ ಸದ್ದು ನಿಂತಾಗ ಅವಳು ಸೂಜಿ ಕೆಳಗಿಟ್ಟು ಸ್ವಲ್ಪ ಹೊತ್ತು ಕಾದಳು. ಸದ್ದು ಮತ್ತೆ ಬರಲಿಲ್ಲ.

ಮೈದುನ ಪ್ಯಾಂಟು ಕೊಡವಿಕೊಂಡು ಹತ್ತಿರ ಬಂದ. "ನೋಡಿ ಅತ್ತಿಗೆ, ಬಾಡಿಗೆ ಗಾಡಿಯವನಿಗೆ ಹೇಳ್ತೀನಿ. ಅಣ್ಣನ್ನ ಅದರಲ್ಲಿ ಒಯ್ಯೋಣ. ನಿಮ್ಮನ್ನ ನಾನೂ ಬಡಗಿಯಣ್ಣನೂ ಎತ್ತಿ ಕಾರಲ್ಲಿ ಕೂರಿಸ್ತೀವಿ."

"ಎತ್ತಿ?"

"ಮತ್ತಿನ್ನೇನು ಮಾಡೋದು?"

"ಅವರು ಈ ವ್ಯಾನು ಮಾಡಿಕೊಟ್ಟಾಗಿಂದ ನನ್ನನ್ನ ಯಾರೂ ಎತ್ತಿಲ್ಲಪ್ಪ. ಇವತ್ತು ಅವರು ನೋಡ್ತಿಲ್ಲ ಅಂತ ನಾನು ಮೂಟೆ ಆಗ್ಬೇಕಾ? ನಾನೇ ಓಡಿಸ್ತೀನಿ. ಅವರನ್ನ ನಾನೇ ಕರ್ಕೊಂಡು ಹೋಗ್ತೀನಿ."

"ಸ್ಮಶಾನದ ದಾರಿ ಉದ್ದಕ್ಕೂ ಇಳಿಜಾರು. ನಿಮ್ಮ ಕೈ ನೋಡಿ, ಹೇಗೆ ನಡುಗ್ತಿದೆ."

ನಡುಗುತ್ತಿದ್ದದ್ದು ನಿಜ. ಅವಳು ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

"ಬೇಜಾರು ಮಾಡ್ಕೋಬೇಡಿ," ಅಂದ ಅವನು ಮೆತ್ತಗೆ. "ಅಣ್ಣ ಪಕ್ಕದಲ್ಲಿದ್ದ, ನಡೀತಿತ್ತು. ಆ ಸೀಟಿಗೂ ಒಂದು ಬ್ರೇಕ್ ಇದೆ ಅಂತ ನಮಗೆಲ್ಲ ಗೊತ್ತು. ಒಂದು ದಿನಾನಾದ್ರೂ ನೀವು ಒಬ್ಬರೇ ಓಡಿಸಿದೀರಾ?"

ಅದೇ ಪ್ರಶ್ನೆಯನ್ನು ಅವಳು ತನ್ನನ್ನೇ ಕೇಳಿಕೊಂಡು ವರ್ಷಗಳೇ ಆಗಿದ್ದವು.

*

ಬೆನ್ನಿನ ಕಾಯಿಲೆ ಅವಳ ಕಾಲು ಕಸಿದ ಮೇಲೆ ಮೇಸ್ತ್ರಿ ಮೊದಲು ಮಾಡಿದ್ದು ಹೊಲಿಗೆ ಮಿಷನ್ನಿನ ಪೆಡಲನ್ನು ಮೊಣಕೈಗೆ ತಂದದ್ದು. ಆಮೇಲೆ ಗುಜರಿಯಿಂದ ಈ ವ್ಯಾನು ಎಳೆದು ತಂದ. ಗೇರಿನ ರಗಳೆ ಇಲ್ಲದ್ದು, ತುಕ್ಕು ಮಾತ್ರ ಧಾರಾಳ.

ಹಿಡಿ ಮಾಡುವ ಮೊದಲು ಅವಳ ಎದುರು ಮಂಡಿಯೂರಿ ಕೂತು ತನ್ನ ಅಂಗೈ ಎತ್ತಿ ಹಿಡಿದ. "ತಳ್ಳು ನೋಡೋಣ." ತಳ್ಳುವ ಬಲ ನೋಡಿ ಹಿಡಿಯ ಉದ್ದ ಗೊತ್ತುಮಾಡುವುದು ಅವನ ಕ್ರಮ. ಅವಳು ಇದ್ದ ಸಿಟ್ಟನ್ನೆಲ್ಲ ಸೇರಿಸಿ ತಳ್ಳಿದಳು. ಅವನು ಹಿಂದಕ್ಕೆ ಬಿದ್ದ.

"ಬ್ರೇಕ್ ತಳ್ಳೇ ಅಂದ್ರೆ ಗಂಡನ್ನೇ ಬೀಳಿಸ್ತೀಯಲ್ಲೇ!"

ಕಾಯಿಲೆ ಬಂದ ಮೇಲೆ ಅವಳು ಮೊದಲ ಸಲ ನಕ್ಕದ್ದು ಆವತ್ತು.

ವ್ಯಾನು ರಸ್ತೆಗಿಳಿದ ಹೊಸದರಲ್ಲಿ, ಮಾರುಕಟ್ಟೆ ಬೀದಿಯಲ್ಲಿ ಒಂದು ಕೈಗಾಡಿ ಅಡ್ಡ ಬಂತು. ಅವಳು ಹಿಡಿ ತಳ್ಳಬೇಕು ಅನ್ನುವಷ್ಟರಲ್ಲಿ ವ್ಯಾನು ತಾನಾಗಿಯೇ ನಿಂತಿತು. ಅವಳು ಪಕ್ಕಕ್ಕೆ ತಿರುಗಿದಳು. ಮೇಸ್ತ್ರಿಯ ಬಲಗಾಲು ಡ್ಯಾಶ್‌ಬೋರ್ಡಿನ ಕೆಳಗೆ ಏನನ್ನೋ ಒತ್ತಿ ಹಿಡಿದಿತ್ತು.

"ಏನದು?"

"ಏನಿಲ್ಲ."

"ಏನಿಲ್ಲದ್ದನ್ನ ಯಾಕೆ ಒತ್ತಿದೀರಿ?"

ಡ್ರೈವಿಂಗ್ ಕಲಿಸುವವರ ಗಾಡಿಯಲ್ಲಿ ಇರುವ ಹಾಗೆ ಆ ಕಡೆಗೂ ಒಂದು ಪೆಡಲು ತೂಗುಬಿಟ್ಟು, ಸರಳು ಕೊಟ್ಟು ಅವಳ ಬ್ರೇಕಿಗೆ ಸೇರಿಸಿದ್ದ. ಅವಳಿಗೆ ಹೇಳಿರಲಿಲ್ಲ.

ಅವಳು ಸೀದಾ ಮನೆಗೆ ಓಡಿಸಿದಳು. ಆ ವರ್ಷ ಒಂದು ಶಾಲೆಯ ಸಮವಸ್ತ್ರದ ಕೆಲಸ ಬಂದಿತ್ತು. ಮೇಜಿನ ತುಂಬ ನೀಲಿ ಬಟ್ಟೆ. ಕತ್ತರಿಯನ್ನು ಅದರ ಮೇಲೆ ಎಸೆದಳು.

"ಗಾಲಿಕುರ್ಚಿ ಸಾಲದು ಅಂತ ಮೂಗುದಾರ ಬೇರೆ ಹಾಕಿದೀರಾ? ನನ್ನ ಹೆಂಡ್ತಿ ಓಡಿಸ್ತಾಳೆ ಅಂತ ಊರಿಗೆಲ್ಲ ಹೇಳೋದು, ಓಡಿಸೋದು ನೀವು!"

"ಭಯ ಕಣೇ. ನಿನಗೇನಾದ್ರೂ ಆದ್ರೆ ಅಂತ."

"ಆಗೋದೆಲ್ಲ ಆಗಿದೆಯಲ್ಲ ನನಗೆ. ಅದನ್ನ ಕಡೀರಿ. ಇಲ್ಲಾಂದ್ರೆ ಇನ್ನು ಅದನ್ನ ನಾನು ಹತ್ತಲ್ಲ."

ಮಾರನೆಯ ದಿನ ಊಟಕ್ಕೆ ಬಂದವನು ತಟ್ಟೆ ನೋಡಿಕೊಂಡೇ ಹೇಳಿದ: "ಕಡಿದೆ. ಸರಳು ಮಾತ್ರ. ಪೆಡಲ್ ಇರಲಿ ಬಿಡು, ನನ್ನ ಕಾಲಿಗೊಂದು ಜಾಗ."

ಆದರೆ ಆಮೇಲೂ ಪ್ರತಿ ತಿರುವಿನಲ್ಲಿ, ಪ್ರತಿ ಇಳಿಜಾರಿನಲ್ಲಿ ಆ ಕಾಲು ಒತ್ತುತ್ತಲೇ ಇತ್ತು. ಅವಳು ಹಿಡಿ ತಳ್ಳುವಳು, ಅವನು ಕಾಲು ಒತ್ತುವನು, ವ್ಯಾನು ನಿಲ್ಲುವುದು. ನಿಲ್ಲಿಸಿದ್ದು ಯಾರು? ಬಗ್ಗಿ ನೋಡೋಣ ಅಂದರೆ ಬೆನ್ನು ಬಿಡದು. ಬೇರೆಯವರಿಂದ ನೋಡಿಸೋಣ ಅಂದರೆ ಮನಸ್ಸು ಬಿಡದು. ಸುಳ್ಳು ಹೇಳಿದ್ದರೆ ಅವನ ಜೊತೆ ಮತ್ತೆ ಹೇಗೆ ಬಾಳುವುದು? ಒಂದು ಸಲ ಕೇಳಿಯೂ ನೋಡಿದಳು. "ನಿಜವಾಗ್ಲೂ ಕಡಿದ್ರಾ?" ಅವನು, "ಇನ್ನೊಂದು ಸಲ ಕೇಳಿದ್ರೆ ಸ್ಟೇರಿಂಗೂ ಕಡೀತೀನಿ," ಅಂದ. ಆಮೇಲೆ ಅವಳು ಕೇಳಲಿಲ್ಲ.

*

ಬಡಗಿ ಶವಪೆಟ್ಟಿಗೆಯ ಮುಚ್ಚಳಕ್ಕೆ ತಿರುಪು ಹಾಕಿ ಹೊರಗೆ ಬಂದ. ಪಕ್ಕದ ಮನೆಯವನು, ಮೇಸ್ತ್ರಿಗೆ ಹಳೆಯ ಗೆಳೆಯ.

"ಯಾವ ಗಾಡಿಯಮ್ಮಾ?"

"ವ್ಯಾನು, ಬಡಗಿಯಣ್ಣ."

"ಅದರ ಅಳತೆಗೇ ಮಾಡಿದೀನಿ."

"ನೀವೂ ಹಿಂಗಂದ್ರೆ ಹೆಂಗೆ?" ಅಂದ ಮೈದುನ. "ಇಂಥಾ ದಿನ ಅವರ ಕೈಗೆ ಗಾಡಿ ಕೊಡೋದಾ?"

"ನಿನ್ನ ಕೈಗೆ ಕೊಟ್ಟಿದ್ದು ನೋಡಿದ್ವಲ್ಲಪ್ಪ. ಡ್ರಮ್ಮಿನ್ನೂ ಸೋರ್ತಿದೆ."

ಬೀದಿಯ ಆ ಬದಿಯಲ್ಲಿ, ನಡೆಯಲಾಗದವರಿಗೆ ಮೇಸ್ತ್ರಿ ಮಾಡಿಕೊಟ್ಟ ಗಾಡಿಗಳು ಸಾಲಾಗಿ ನಿಂತಿದ್ದವು. ಮನೆಮನೆಗೆ ಪೇಪರ್ ಹಾಕುವವನು ತನ್ನ ಮೂರು ಚಕ್ರದ ಸ್ಕೂಟರನ್ನು ಬಾಗಿಲವರೆಗೂ ತಂದ. ಪೆಟ್ಟಿಗೆ ಹೊರಗೆ ಬಂದಾಗ ಕೈ ಮುಗಿಯಲಿಲ್ಲ. ಪಕ್ಕದ ಹಲಗೆಗೆ ಅಂಗೈಯಿಟ್ಟು ಒಂದು ಸಲ ತಳ್ಳಿದ. "ಬಲ ಸಾಲದು, ಇನ್ನೂ ತಳ್ಳು ಅಂತಿದ್ರು," ಅಂದು ಕಣ್ಣೊರೆಸಿಕೊಂಡ.

ಮೈದುನ ಅದನ್ನು ನೋಡಿದ. ಅಣ್ಣನ ಪೆಟ್ಟಿಗೆಯನ್ನು ನೋಡಿದ. "ಸರಿ ಅತ್ತಿಗೆ. ಓಡಿಸಿ. ಆದ್ರೆ ಪಕ್ಕದ ಸೀಟಲ್ಲಿ ನಾನಿರ್ತೀನಿ. ಆ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇರ್ತೀನಿ."

ಬೇಡ ಅನ್ನಲು ಅವಳು ಬಾಯಿ ತೆರೆದಳು. ಇಳಿಜಾರು ನೆನಪಾಯಿತು.

"ಕೂತ್ಕೋ," ಅಂದಳು.

ಹಿಂಬಾಗಿಲಿನಿಂದ ಹಲಗೆ ಇಳಿಸಿದರು. ಮೊದಲು ಅವಳು ಏರಿದಳು. ಪೆಟ್ಟಿಗೆ ಒಳಗೆ ಬಂದರೆ ಅವಳಿಗೆ ದಾರಿಯಿರಲಿಲ್ಲ. ಕೊಕ್ಕೆಗಳು ಟಕ್ಕನೆ ಕುರ್ಚಿಯ ಚಕ್ರ ಹಿಡಿದವು. ಆಮೇಲೆ ಅದೇ ಹಲಗೆಯ ಮೇಲೆ ಮೇಸ್ತ್ರಿಯನ್ನು ಜಾರಿಸಿದರು.

ಇಳಿಜಾರು ಅರ್ಧ ಮುಗಿದಿತ್ತು. ಅಂಗಡಿಗಳ ಸಾಲಿನ ಸಂದಿಯಿಂದ ಒಂದು ಲಾರಿ ಹಿಮ್ಮುಖವಾಗಿ ರಸ್ತೆಗೆ ಬಂದುಬಿಟ್ಟಿತು. ಮೈದುನ ಸೀಟಿನಿಂದ ಎದ್ದೇ ಹೋಗುವ ಹಾಗೆ ಪೆಡಲನ್ನು ತುಳಿದ. ಪೆಡಲು ಗಾಳಿಯನ್ನು ತುಳಿದ ಹಾಗೆ ಮುಂದಕ್ಕೆ ಹೋಗಿ ತಗಡಿಗೆ ತಾಗಿತು. ಏನೂ ಆಗಲಿಲ್ಲ.

"ಅತ್ತಿಗೇ!"

ಅವನು ಕೂಗುವ ಮೊದಲೇ ಅವಳ ಅಂಗೈ ಹಿಡಿಯನ್ನು ತಳ್ಳಿಯಾಗಿತ್ತು. ವ್ಯಾನು ಲಾರಿಯ ಬೆನ್ನು ಮುಟ್ಟದೆ ನಿಂತಿತು. ಹಿಂದೆ ಪೆಟ್ಟಿಗೆ ಒಂದಿಷ್ಟು ಜಾರಿ ಬಂದು, ಅವಳ ಕುರ್ಚಿಯ ಬೆನ್ನಿಗೆ ಮೆಲ್ಲಗೆ ತಗುಲಿತು.

ಲಾರಿ ಸರಿದುಹೋಯಿತು.

"ಬ್ರೇಕ್ ಹಿಡೀಲೇ ಇಲ್ಲ," ಅಂದ ಮೈದುನ. ಬಗ್ಗಿ, ಫೋನಿನ ಬೆಳಕು ಬಿಟ್ಟು ನೋಡಿದ. "ಸರಳೇ ಇಲ್ಲ ಇಲ್ಲಿ. ಕಡಿದುಬಿಟ್ಟಿದಾನೆ. ಮೊಂಡು ತುದಿಗೆ ಏನೋ ಸುತ್ತಿದಾನೆ, ಸದ್ದು ಬರಬಾರದು ಅಂತ."

"ಏನು ಸುತ್ತಿದಾರೆ?"

ಅವನು ಬಿಚ್ಚಿ ಅವಳ ಕೈಗೆ ಕೊಟ್ಟ. ಎಣ್ಣೆ ಕುಡಿದು ಕಪ್ಪಾದ ಚೂರು ಬಟ್ಟೆ. ಅವಳು ಮಡಿಕೆ ಬಿಡಿಸಿದಳು. ಒಳಗೆ, ಧೂಳು ಹೋಗದ ಕಡೆ, ನೀಲಿ ಹಾಗೆಯೇ ಇತ್ತು. ಆ ಶಾಲೆಯವರು ಮರುವರ್ಷವೇ ಸಮವಸ್ತ್ರದ ಬಣ್ಣ ಬದಲಿಸಿದ್ದರು. ಆಮೇಲೆ ಆ ನೀಲಿ ಮನೆಯೊಳಗೆ ಬಂದದ್ದೇ ಇಲ್ಲ.

"ಹಂಗಾದ್ರೆ," ಅಂದ ಮೈದುನ, "ಇಷ್ಟು ವರ್ಷ ಅಣ್ಣ ಒತ್ತುತ್ತಾ ಇದ್ದಿದ್ದು?"

ಅವಳು ಆ ಚೂರನ್ನು ಹೊಲಿಗೆ ಬಿಚ್ಚಿದ ಬಟ್ಟೆಯನ್ನು ನೀವುವ ಹಾಗೆ ತೊಡೆಯ ಮೇಲಿಟ್ಟು ನೀವಿದಳು. ಹಿಡಿಯನ್ನು ತನ್ನ ಕಡೆಗೆ ಎಳೆದಳು. ವ್ಯಾನು ಹೊರಟಿತು.

ಮೈದುನ ಎರಡೂ ಕಾಲು ಮಡಿಸಿ ಸೀಟಿನ ಅಡಿಗೆ ಸೇರಿಸಿಕೊಂಡ. ಅವನ ಎದುರಿಗೆ ಪೆಡಲು ತೂಗುತ್ತಿತ್ತು. ಅದರ ರಬ್ಬರು ಒಂದು ಕಾಲಿನ ಆಕಾರಕ್ಕೆ ಸವೆದು, ಕೆಳಗಿನ ಕಬ್ಬಿಣ ಹೊಳೆಯುತ್ತಿತ್ತು.

ಸ್ಮಶಾನದ ಗೇಟಿನ ಮುಂದೆ ಅವಳು ಹಿಡಿ ತಳ್ಳಿದಳು. ವ್ಯಾನು ನಿಂತ ರಭಸಕ್ಕೆ, ಯಾರೂ ಮುಟ್ಟದ ಆ ಪೆಡಲು ತಾನಾಗಿಯೇ ಮುಂದಕ್ಕೆ ಬಾಗಿ ತಗಡಿಗೆ ತಾಗಿತು. ಬಟ್ಟೆ ಬಿಚ್ಚಿದ್ದರಿಂದ ಟಣ್ ಎಂದು ಸಣ್ಣಗೆ ಸದ್ದಾಯಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂತು.