ಪೈಪಿನ ಆಚೆ ತುದಿ

ಪೈಪಿಗೆಂದೇ ಮಾಡಿದ ಆರಿಂಚಿನ ಫ್ಯಾನಿಗೆ ಆರೂವರೆ ಸಾವಿರ. ಅಡುಗೆಮನೆಯ ಗೋಡೆಗೆ ಕೂರಿಸುವ ಮಾಮೂಲಿ ಫ್ಯಾನಿಗೆ ಸಾವಿರದ ಎಂಟುನೂರು. ಮಡಿಸುವ ಪೈಪು ಅಡಿಗೆ ತೊಂಬತ್ತು, ಹನ್ನೆರಡು ಅಡಿ ಬೇಕು. ವೈರು, ಸ್ವಿಚ್ಚು, ಕ್ಲಿಪ್ಪು ಸೇರಿ ಮುನ್ನೂರು. ಆದರೆ ಮೂರು ವರ್ಷದಿಂದ ಯಾರೂ ಕೇಳದೆ ನನ್ನ ಅಂಗಡಿಯ ಅಟ್ಟದಲ್ಲಿ ಕೂತಿದ್ದ ಗೋಡೆಯ ಫ್ಯಾನಿಗೆ ಎಷ್ಟು ಬೆಲೆ ಕಟ್ಟುವುದು? ನಾನು ಅದನ್ನು ನನ್ನ ತಂಗಿಗೆ ಸಾವಿರದ ಇನ್ನೂರಕ್ಕೆ ಕೊಟ್ಟೆ. "ನೀನು ಅಂತ ಆರುನೂರು ಬಿಟ್ಟಿದೀನಿ" ಎಂದು ಹೇಳಿಯೂ ಕೊಟ್ಟೆ.

ತಂಗಿ ಇಪ್ಪತ್ತು ವರ್ಷ ಬಟ್ಟೆ ಹೊಲಿದವಳು. ಸೊಂಟ ಕೈಕೊಟ್ಟ ಮೇಲೆ ಹಿಂದಿನ ಕೋಣೆಗೆ ಕಬ್ಬಿಣದ ಕಪಾಟು ಹಾಕಿಸಿ, ಬಿಸಿಲಿನ ಬದಲು ಆರು ದೊಡ್ಡ ದೀಪ ಕಟ್ಟಿಸಿ, ತಟ್ಟೆಗಳಲ್ಲಿ ಸಾಸಿವೆ, ಮೂಲಂಗಿಗಳ ಎಳೆ ಸೊಪ್ಪು ಬೆಳೆಯತೊಡಗಿದಳು. ಎರಡು ಇಂಚು ಬರುವಷ್ಟರಲ್ಲಿ ಕತ್ತರಿಯಿಂದ ಕತ್ತರಿಸುವ ಸೊಪ್ಪು ಅದು. ಒಂದು ದೊಡ್ಡ ಹೋಟೆಲ್ಲಿನ ಮುಖ್ಯ ಅಡುಗೆಯವರು ರುಚಿ ನೋಡಿ, ಶುಕ್ರವಾರಕ್ಕೆ ಮೂವತ್ತಾರು ತಟ್ಟೆ ಕೇಳಿದ್ದರು. ಚೆನ್ನಾಗಿದ್ದರೆ ಪ್ರತಿ ವಾರವೂ ತೆಗೆದುಕೊಳ್ಳುವ ಮಾತಾಗಿತ್ತು.

"ಅಣ್ಣಾ, ದೀಪ ಹಚ್ಚಿದ್ರೆ ಕೋಣೆ ಒಲೆ ಆಗತ್ತೆ. ಗಂಟೆಗೊಂದ್ಸಲ ಬಾಗಿಲು ತೆಗೆದು ನಿಂತ್ಕೋಬೇಕು" ಎನ್ನುತ್ತ ಅಂಗಡಿಗೆ ಬಂದಳು. ಕೈಯಲ್ಲೊಂದು ಚೀಟಿ. ಕೋಣೆಯ ಅಳತೆ, ದೀಪಗಳ ವ್ಯಾಟು, ಗೋಡೆಯ ತೂತು ಎಷ್ಟು ದೂರ, ಎಲ್ಲ ಬರೆದುಕೊಂಡಿದ್ದಳು. "ಪೈಪು ಎರಡು ಕಡೆ ತಿರುಗಬೇಕು. ಅದಕ್ಕೆ ಬೇರೆ ಥರದ ಫ್ಯಾನ್ ಬೇಕಾಗತ್ತಾ?"

ನಾನು ಚೀಟಿ ನೋಡಲೇ ಇಲ್ಲ. "ಊರಿನ ಅಡುಗೆಮನೆ ಹೊಗೆಯೆಲ್ಲ ಎಳೆಸಿದವನು ಕಣೇ ನಾನು. ನಿನ್ನ ಬೊಗಸೆ ಸೊಪ್ಪಿನ ಸೆಕೆ ಒಂದು ಲೆಕ್ಕನಾ?"

ಗೋಡೆಯ ಫ್ಯಾನು ಎದುರಿಗೇನೂ ಇಲ್ಲದಿದ್ದರೆ ಗಾಳಿಯನ್ನು ಚೆನ್ನಾಗಿ ಆಚೆ ತಳ್ಳುತ್ತದೆ. ಅದರ ಬಾಯಿಗೆ ಉದ್ದದ ಪೈಪು ಕಟ್ಟಿ ಎರಡು ಸಲ ತಿರುಗಿಸಿದರೆ ಉಸಿರು ಕಟ್ಟುತ್ತದೆ. ಡಬ್ಬದ ಮೇಲೆ ಬರೆದ ಗಾಳಿಯ ಲೆಕ್ಕ ಬರೀ ಬಾಯಿಯದು, ಪೈಪಿನದಲ್ಲ. ಫ್ಯಾನು ಮಾರುವ ಯಾರಿಗಾದರೂ ಇದು ಗೊತ್ತು. ನನಗೂ ಗೊತ್ತಿತ್ತು. ಗೊತ್ತಿರುವುದಕ್ಕೂ ಅದನ್ನು ಬಾಯಿ ಬಿಟ್ಟು ಹೇಳುವುದಕ್ಕೂ ನಡುವೆ ಅಟ್ಟದ ಹಳೇ ಮಾಲು ಕೂತಿತ್ತು.

ನಾನೇ ಹೋಗಿ ಕೂರಿಸಿದೆ. ಗಾಳಿ ಎಳೆಯುತ್ತದೆಯೇ ಎಂದು ಹಾಳೆ ಹಿಡಿದು ನೋಡುವುದು ನಮ್ಮ ಕಸುಬಿನಲ್ಲಿ ರೂಢಿ. ಪೈಪು ಕಟ್ಟುವ ಮೊದಲು ಫ್ಯಾನಿನ ಹಿಂದೆ ಹಳೇ ಪೇಪರಿನ ಹಾಳೆ ಹಿಡಿದೆ, ಜಾಲರಿಗೆ ಗಪ್ಪನೆ ಅಂಟಿತು. ತಂಗಿ ಚಪ್ಪಾಳೆ ತಟ್ಟಿದಳು. ಬಸ್ಸು ಓಡಿಸುವ ಅವಳ ಗಂಡ, ಪೈಪು ಕಟ್ಟಿಯಾದ ಮೇಲೆ ಕಿವಿಗೊಟ್ಟು ಕೇಳಿದ.

"ಏನ್ ಭಾವ, ಸದ್ದು ವಿಮಾನದ್ದು, ಗಾಳಿ ಸೊಳ್ಳೆ ರೆಕ್ಕೆದು?"

"ನೀನು ನಿನ್ನ ಬಸ್ಸಿನ ಹಾರ್ನ್ ನೋಡ್ಕೋ ಮಾರಾಯ."

ತಂಗಿ ನನ್ನ ಪರವಾಗಿಯೇ ನಕ್ಕಳು.

ಆಮೇಲೆ ನಾನೊಬ್ಬನೇ ಮನೆಯ ಹಿಂದಕ್ಕೆ ಹೋಗಿ, ಪೈಪು ಹೊರಬರುವ ತೂತಿಗೆ ಅದೇ ಹಾಳೆ ಹಿಡಿದೆ. ಅದು ಅಲ್ಲಾಡಲಿಲ್ಲ. ಎದುರುಗಾಳಿ ಇರಬೇಕು ಎಂದುಕೊಂಡೆ. ಅಲ್ಲಿ ಎಲೆ ಕೂಡ ಅಲ್ಲಾಡುತ್ತಿರಲಿಲ್ಲ. ಹಾಳೆ ಮಡಿಸಿ ಜೇಬಿಗೆ ಹಾಕಿ ಒಳಗೆ ಬಂದು, "ಚೆನ್ನಾಗಿ ಎಳೀತಿದೆ" ಎಂದೆ.

ಗುರುವಾರ ಅವಳು ಸೊಪ್ಪು ತುಂಬುವ ಡಬ್ಬಿ ತರಲು ಪೇಟೆಗೆ ಹೋದಳು. ಫ್ಯಾನ್ ಇದೆಯಲ್ಲ ಎಂಬ ಧೈರ್ಯದಿಂದ ಬಾಗಿಲು ಹಾಕಿಕೊಂಡು ಹೋಗಿದ್ದಳು. ನಾಲ್ಕು ಗಂಟೆ ಬಿಟ್ಟು ಬರುವಷ್ಟರಲ್ಲಿ ಮೂವತ್ತಾರು ತಟ್ಟೆಯೂ ಬೆಂದ ಹಾಗೆ ಮಲಗಿತ್ತು. ಫೋನು ಬಂದ ಕೂಡಲೇ ಓಡಿದೆ. ಗೋಡೆಯ ಉಷ್ಣಮಾಪಕ ನಲವತ್ತೊಂದು ತೋರಿಸುತ್ತಿತ್ತು.

"ಫ್ಯಾನ್ ಸರಿಯಿತ್ತೇನೇ?" ಎಂದು ಅವಳ ಗಂಡ ಕೇಳಿದ.

"ಅಣ್ಣ ಕೈಯಾರೆ ಹಾಕಿದ್ದು ರೀ. ಅದರಲ್ಲಿ ತಪ್ಪಿರಲ್ಲ. ನಾನೇ ಅಷ್ಟು ಹೊತ್ತು ಬಾಗಿಲು ಹಾಕ್ಬಾರ್ದಿತ್ತು." ನನ್ನ ಕಡೆ ತಿರುಗಿದಳು. "ಅಲ್ವಾಣ್ಣ?"

"ಎಳೇ ಸೊಪ್ಪಲ್ವಾ, ಬೇಗ ಕೆಡತ್ತೆ" ಎಂದೆ.

ಅವಳು ನನಗೆ ಟೀ ಕೊಟ್ಟು, ಪಕ್ಕದಲ್ಲೇ ನಿಂತು ಹೋಟೆಲ್ಲಿಗೆ ಫೋನು ಮಾಡಿದಳು. "ನನ್ನದೇ ತಪ್ಪು ಸಾರ್. ಇನ್ನೊಂದು ಹತ್ತು ದಿನ ಕೊಡ್ತೀರಾ?" ಆ ಕಡೆಯವರು ಏನೆಂದರೋ, "ಸರಿ ಸಾರ್, ಸರಿ ಸಾರ್" ಎಂದು ಮೆಲ್ಲಗೆ ಫೋನು ಇಟ್ಟಳು. ನಾನು ಲೋಟದ ತಳ ನೋಡುತ್ತ ಕೂತಿದ್ದೆ.

ಮೂರು ದಿನ ಬಿಟ್ಟು ಅಂಗಡಿಗೆ ಬಂದಳು. "ಈ ಕೆಲಸ ನನ್ನ ಕೈಗೆ ಹತ್ತಲ್ಲ ಅಣ್ಣ. ದೀಪಗಳಿಗೆ ಯಾರಾದ್ರೂ ಗಿರಾಕಿ ಇದ್ರೆ ನೋಡು" ಎಂದಳು. ತಪ್ಪು ನನ್ನದು, ಕೈ ಬಿಡುತ್ತಿರುವವಳು ಅವಳು.

"ದೀಪ ಮಾರಬೇಡ ಕಣೇ. ತಪ್ಪು ನಿಂದಲ್ಲ, ಫ್ಯಾನಿಂದು. ಪೈಪಿಗೆ ಆ ಫ್ಯಾನು ಆಗಲ್ಲ. ಆಚೆ ತುದೀಲಿ ಹಾಳೆ ಅಲ್ಲಾಡಲಿಲ್ಲ, ನಾನೇ ನೋಡ್ದೆ."

"ಯಾವಾಗ ನೋಡ್ದೆ?"

"ಹಾಕಿದ ದಿನಾನೇ."

"ನಾನು ಆ ಸಾರ್ ಹತ್ರ ಕ್ಷಮೆ ಕೇಳುವಾಗ ನೀನು ಪಕ್ಕದಲ್ಲೇ ಇದ್ದೆ."

"ಹೂಂ."

"ಟೀ ಕುಡೀತಾ ಇದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನಂಬರು ಹಚ್ಚಿ ಫೋನನ್ನು ನನ್ನ ಮುಂದೆ ಹಿಡಿದಳು. "ಈಗ ಅವರಿಗೆ ನೀನು ಹೇಳು." ಇಬ್ಬರು ಗಿರಾಕಿಗಳು ನಿಂತಿದ್ದರು. ಅವರ ಎದುರೇ ಎಲ್ಲ ಹೇಳಿದೆ. ಹೋಟೆಲ್ಲಿನವರು ಸಮಾಧಾನವಾಗಿಯೇ ಕೇಳಿಸಿಕೊಂಡು, ಬೇರೆ ಕಡೆ ಗೊತ್ತು ಮಾಡಿಕೊಂಡಾಯಿತು ಎಂದರು.

ಅದೇ ಸಂಜೆ ಪೈಪಿನ ಫ್ಯಾನು ಒಯ್ದು ಹಾಕಿದೆ, ದುಡ್ಡು ಮುಟ್ಟಲಿಲ್ಲ. ಕೋಣೆ ಇಪ್ಪತ್ತಾರಕ್ಕೆ ಇಳಿಯಿತು. ಅವಳು ಮತ್ತೆ ಬೀಜ ಹಾಕಿದಳು.

ಹೋದದ್ದು ಮೂವತ್ತಾರು ತಟ್ಟೆ ಸೊಪ್ಪು ಮತ್ತು ವಾರಾವಾರ ಕೊಳ್ಳಬೇಕಿದ್ದ ಒಂದು ಹೋಟೆಲ್ಲು. ಉಳಿದದ್ದು ಆರು ದೀಪ ಮತ್ತು ಅವಳ ಕೆಲಸ; ಈಗ ಇಬ್ಬರು ಸಣ್ಣ ಅಂಗಡಿಯವರು ಅವಳಿಂದ ಸೊಪ್ಪು ಕೊಳ್ಳುತ್ತಾರೆ. ಕಳೆದ ತಿಂಗಳು ಪಕ್ಕದ ಕೋಣೆಗೂ ದೀಪ ಕಟ್ಟಿಸಿದಳು. ಅದಕ್ಕೆ ಬೇಕಾದ ಫ್ಯಾನನ್ನು ಬೇರೆ ಅಂಗಡಿಯಲ್ಲಿ ಕೊಂಡಳು.