ಊಟಕ್ಕೆ ಬಂದ ಮತದಾರರು

ಸೋಮವಾರ ಸಂಜೆ ಎಂಟಕ್ಕೆ ಮತಗಟ್ಟೆಗಳು ಬಾಗಿಲು ಹಾಕಿದವು. ಎಂಟೂ ಐದಕ್ಕೆ ವಿಟ್ಬಿ ಪಟ್ಟಣದ ಹರ್ಷವರ್ಧನನ ಮನೆಯ ಬೇಸ್‌ಮೆಂಟಿನಲ್ಲಿ ಬಾದೂಷದ ಡಬ್ಬಿ ಬಾಯಿ ತೆರೆಯಿತು. ಟೌನ್ ಕೌನ್ಸಿಲ್ಲಿನ ಉತ್ತರ ವಾರ್ಡಿಗೆ ನಿಂತಿದ್ದವನು ಅವನೇ. ಇನ್ನೂ ಒಂದು ಮತದ ಎಣಿಕೆಯೂ ಹೊರಬಿದ್ದಿರಲಿಲ್ಲ. ಆದರೆ ಗೆದ್ದವನ ಮುಖ ಹೇಗಿರಬೇಕೋ ಆ ಮುಖವನ್ನು ಅವನು ಮೂರು ವಾರದಿಂದ ತೊಟ್ಟುಕೊಂಡೇ ತಿರುಗುತ್ತಿದ್ದ. ಈಗ ಅದು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು.

ಮೂಲೆಯ ಸೋಫಾದಲ್ಲಿ ಡಾಕ್ಟರ್ ಈರವ್ವ ಕಾಫಿ ಹಿಡಿದು ಕೂತಿದ್ದರು. ವಯಸ್ಸು ಎಪ್ಪತ್ತೊಂದು. ರಾಣೆಬೆನ್ನೂರಿನಿಂದ ಬಂದು, ಈ ದೇಶದವರಿಗೆ ನಲವತ್ತು ವರ್ಷ ಅರಿವಳಿಕೆ ಕೊಟ್ಟು, ಮಲಗಿಸಿದವರನ್ನೆಲ್ಲ ಮತ್ತೆ ಎಬ್ಬಿಸಿ ಮನೆಗೆ ಕಳಿಸಿ ನಿವೃತ್ತರಾದವರು. ಆಸ್ಪತ್ರೆಯ ವಾರ್ಡು ಬಿಟ್ಟ ಮೇಲೆ ಈ ಚುನಾವಣೆಯ ವಾರ್ಡಿನಲ್ಲಿ ಅವರಿಗೆ ಒಬ್ಬನೇ ಪೇಷೆಂಟು. ಅವನೀಗ ಬಾದೂಷ ಹಂಚುತ್ತಿದ್ದ. ಅವನನ್ನು ಮಲಗಿಸಿಯಾಗಿತ್ತು. ಎಬ್ಬಿಸುವ ಕೆಲಸ ಮಾತ್ರ ಬಾಕಿ.

ಎರಡು ವರ್ಷದ ಹಿಂದಿನ ಮಾತು. ಲೇಕ್‌ಶೋರ್ ಕನ್ನಡ ಬಳಗಕ್ಕೆ ಈರವ್ವ ಹನ್ನೊಂದು ವರ್ಷದಿಂದ ಅಧ್ಯಕ್ಷೆ. ಆ ವರ್ಷದ ವಾರ್ಷಿಕ ಸಭೆಗೆ ಹರ್ಷವರ್ಧನ್ ಒಂದು ಹಳದಿ ಬಸ್ಸು ತಂದ. ಬಸ್ಸಿನಿಂದ ಅರವತ್ತು ಹೊಸ ಸದಸ್ಯರು ಇಳಿದರು, ಕೈ ಎತ್ತಿದರು, ಹರ್ಷವರ್ಧನ್ ಅಧ್ಯಕ್ಷನಾದ. ಬಸ್ಸು ಇಂಜಿನ್ ಆರಿಸಿರಲೇ ಇಲ್ಲ.

ಅದನ್ನಾದರೂ ಈರವ್ವ ನುಂಗಿಕೊಂಡಿದ್ದರು. ನುಂಗಲಾಗದ್ದು ಆಮೇಲೆ ರಾಜ್ಯೋತ್ಸವದ ದಿನ ಆಯಿತು. ಹೊಸ ಅಧ್ಯಕ್ಷ ತಲೆಗೆ ಆಪರೇಷನ್ ಥಿಯೇಟರಿನ ಟೋಪಿಯ ಹಾಗೆ ಶವರ್ ಕ್ಯಾಪ್ ಹಾಕಿಕೊಂಡು ವೇದಿಕೆಗೆ ಬಂದ. ಸೊಂಟದ ಮೇಲೆ ಒಂದು ಕೈ, ಮೂಗಿನ ತುದಿಗೆ ಕನ್ನಡಕ, ಗಂಟಲಲ್ಲಿ ಥೇಟ್ ಈರವ್ವ.

"ಏ ತಮ್ಮಾ, ಹೆದರಬ್ಯಾಡ! ಸೂಜಿಗೀಜಿ ಏನೂ ಚುಚ್ಚೂದಿಲ್ಲ. ಬರೇ ಅಧ್ಯಕ್ಷೀಯ ಭಾಷಣ ಮಾಡ್ತೀನಿ, ನೀ ಹಂಗ ಮಲಕೋತಿ ನೋಡು!"

ಮುನ್ನೂರು ಜನ ಕುರ್ಚಿಯಿಂದ ಜಾರುವಷ್ಟು ನಕ್ಕರು. ಮುಂದಿನ ಸಾಲಿನಲ್ಲಿದ್ದ ಈರವ್ವನೂ ನಕ್ಕರು. ಅವನ ನಕಲನ್ನು ಅವರು ಕ್ಷಮಿಸಿಯಾರು. ನಕಲು ಚೆನ್ನಾಗಿಯೇ ಇತ್ತು. ಆದರೆ ಅಷ್ಟು ಜನ ತಿರುಗಿ ತಮ್ಮ ಮುಖ ನೋಡುವಾಗ, ಮುಖ ಉಳಿಸಿಕೊಳ್ಳಲು ತಾವೂ ಹಲ್ಲು ಬಿಟ್ಟಿದ್ದು? ಅದು ವಿಡಿಯೋದಲ್ಲಿ ಚೊಕ್ಕವಾಗಿ ಬಿದ್ದಿತ್ತು. ರಾಜಧಾನಿ ಒಟ್ಟಾವಾದಿಂದ ಮೊಮ್ಮಗಳು ಶರ್ವಾಣಿ ಫೋನ್ ಮಾಡಿ, "ಅಜ್ಜೀ, ದಿಸ್ ಈಸ್ ಸೋ ಯೂ!" ಅಂದಳು. ಈರವ್ವ ಆ ವಿಡಿಯೋವನ್ನು ಎಷ್ಟು ಸಲ ನೋಡಿದರೋ, ಅಷ್ಟು ಸಲವೂ ತಮ್ಮ ನಗುವಿನ ಹತ್ತಿರ ಬಂದು ನಿಲ್ಲಿಸಿದರು. ಈ ನಗುವಿಗೆ ಅವನ ಅಳುವೇ ಬೇಕು ಎಂದು ತೀರ್ಮಾನಿಸಿದರು.

ಮದ್ದು ಕೊಡುವವರ ಮನೆಗೆ ಪೇಷೆಂಟೇ ನಡೆದು ಬಂದ. ಈ ಬೇಸಿಗೆಯಲ್ಲಿ ಹರ್ಷವರ್ಧನ್ ಹೆಂಡತಿ ಮಾಲವಿಕಾಳ ಜೊತೆ ಬಂದು ಇದೇ ಈರವ್ವನ ಕಾಲು ಮುಟ್ಟಿದ.

"ಆಂಟಿ, ಹಳೇದೆಲ್ಲ ಮನಸ್ಸಲ್ಲಿ ಇಟ್ಕೊಂಡಿಲ್ಲ ತಾನೆ? ಅದು ಬರೀ ಫನ್ನಿಗೆ ಮಾಡಿದ್ದು."

"ಏನ್ ಇಟ್ಕೋತೀನಪಾ? ಈ ವಯಸ್ಸಿನ್ಯಾಗ ಚಷ್ಮಾ ಎಲ್ಲಿಟ್ಟೀನಿ ಅನ್ನೂದ ನೆನಪಿರೂದಿಲ್ಲ."

"ಕೌನ್ಸಿಲ್ಲಿಗೆ ನಿಲ್ತಿದೀನಿ ಆಂಟಿ. ನಮ್ ಜನ ಯಾರು ಎಲ್ಲಿದಾರೆ ಅಂತ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ಕನ್ನಡದ ವೋಟು ಕಂಪ್ಲೀಟ್ ನಿಮ್ಮ ಡಿಪಾರ್ಟ್‌ಮೆಂಟು. ನಾನು ಆ ಕಡೆ ತಿರುಗಿ ಕೂಡ ನೋಡಲ್ಲ."

"ನೋಡಲೇಬ್ಯಾಡ," ಅಂದರು ಈರವ್ವ, ಬಹಳ ಪ್ರೀತಿಯಿಂದ.

ಆ ವಾರವೇ ಫೋನು ಹಿಡಿದು ಕೂತರು. ಬಳಗದ ಒಬ್ಬರನ್ನೂ ಬಿಡಲಿಲ್ಲ. ಯೂನಿಯನ್‌ವಿಲ್ಲಿನಲ್ಲಿ ವರ್ಕ್ ಪರ್ಮಿಟ್ಟಿನ ಮೇಲಿರುವ ಸಾಫ್ಟ್‌ವೇರಿನವನು "ಖಂಡಿತ ಮೇಡಂ, ಹರ್ಷ ಸಾರ್‌ಗೇ!" ಅಂದ. ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಹನ್ನೊಂದನೇ ಮಹಡಿಯಿಂದ, ಇನ್ನೂ ಪೌರತ್ವ ಸಿಗದ ಗಂಡಹೆಂಡತಿ ಸ್ಪೀಕರಿನಲ್ಲಿ ಒಟ್ಟಿಗೆ "ಅದರಲ್ಲೇನಿದೆ, ನಮ್ಮೋರಲ್ವಾ!" ಅಂದರು. ಮಂಗಳೂರಿನ ನಿವೃತ್ತ ಪ್ರೊಫೆಸರರು ಎಪ್ಪತ್ತು ಕಿಲೋಮೀಟರು ಆಚೆಯ ಮಿಸ್ಸಿಸಾಗದಲ್ಲಿ ಕೂತು, "ನಮ್ಮದೆಲ್ಲ ಅವರಿಗೇ ಮಾರಾಯ್ರೇ" ಎಂದು ವಿಟ್ಬಿಯ ಮತ ದಾನ ಮಾಡಿದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಮ್ಮವರೊಬ್ಬರು ಇಷ್ಟು ಅಕ್ಕರೆಯಿಂದ ಕೇಳುವಾಗ "ನನಗೆ ಅಲ್ಲಿ ವೋಟಿಲ್ಲ" ಅನ್ನುವುದು, ಎಲೆ ಹಾಕಿ ಬಡಿಸುತ್ತಿರುವವರಿಗೆ "ನನ್ನ ಊಟ ಆಯ್ತು" ಅಂದ ಹಾಗೆ. ಅಷ್ಟು ಒರಟಾಗಿ ಮಾತಾಡುವವರು ಬಳಗದಲ್ಲಿ ಯಾರೂ ಇರಲಿಲ್ಲ.

ಈರವ್ವ ಪಟ್ಟಿ ಮಾಡಿದರು. ಹೆಸರು, ಫೋನು, ಊರು, ಮತದ ಹಕ್ಕು ಇದೆಯೋ ಇಲ್ಲವೋ. ಕೊನೆಯ ಎರಡು ಕಾಲಮ್ಮು ತಮ್ಮ ಹತ್ತಿರ ಇಟ್ಟುಕೊಂಡು ಉಳಿದದ್ದನ್ನು ಹರ್ಷವರ್ಧನನಿಗೆ ಕಳಿಸಿದರು. ಒಟ್ಟು ನಾನೂರ ಹನ್ನೆರಡು ಹೆಸರು. ಅದರಲ್ಲಿ ಉತ್ತರ ವಾರ್ಡಿನ ಮತ ಇದ್ದದ್ದು ಐವತ್ತೊಂಬತ್ತು ಜನಕ್ಕೆ. ಆ ಐವತ್ತೊಂಬತ್ತರಲ್ಲಿ ಒಂದು ಈರವ್ವನದೇ. ಅದು ಯಾರಿಗೆ ಬೀಳಲಿತ್ತೆಂದು ಕೇಳಬೇಕಾಗಿಲ್ಲ.

ಬಳಗದ ಕಾರ್ಯದರ್ಶಿ ಸುರೇಶನಿಗೆ ಮಾತ್ರ ಒಮ್ಮೆ ಅನುಮಾನ ಬಂತು. "ಹರ್ಷ, ಇವರೆಲ್ಲ ನಮ್ಮ ವಾರ್ಡೋರೇನಾ?"

"ಸುರೇಶಣ್ಣ, ಆಂಟಿ ಒಬ್ಬೊಬ್ಬರಿಗೂ ಫೋನ್ ಮಾಡಿದಾರೆ. ಎಲ್ರೂ ಯೆಸ್ ಅಂದಿದಾರೆ. ಇನ್ನೇನ್ ಬೇಕು?"

ಬಸ್ಸಿನಿಂದ ಇಳಿದವರೆಲ್ಲ ಮತದಾರರು ಎಂಬಲ್ಲಿಗೆ ಅವನ ಚುನಾವಣಾಶಾಸ್ತ್ರ ಮುಗಿದಿತ್ತು. ತಲೆ ಎಣಿಸುತ್ತಿದ್ದ, ತಲೆ ಓಡಿಸುತ್ತಿರಲಿಲ್ಲ.

ಕೊನೆಯ ಭಾನುವಾರ ಹರ್ಷವರ್ಧನ್ ವಾರ್ಡಿನ ಹೊಸ ಬಡಾವಣೆಯಲ್ಲಿ ಮನೆಮನೆಗೆ ಹೋಗಬೇಕೆಂದಿದ್ದ. ಐನೂರು ಮನೆ, ಒಂದಕ್ಕೂ ಕಾಲಿಟ್ಟಿರಲಿಲ್ಲ. ಈರವ್ವ ತಡೆದರು.

"ಅಲ್ಲೋ ತಮ್ಮಾ, ಈ ಥಂಡ್ಯಾಗ ಗುರುತಿಲ್ಲದವರ ಬಾಗಲಾ ಬಡಕೋತ ಯಾಕ ತಿರಗ್ತಿ? ನಮ್ಮ ನಾಕನೂರು ಮಂದಿಗೆ ಒಂದ ಊಟಾ ಹಾಕು. ಉಂಡವರು ನಿನ್ನ ಕೈ ಬಿಡತಾರೇನು?"

ಹಾಕಿದ. ಶಾಲೆಯ ಜಿಮ್ಮಿನಲ್ಲಿ ಬಿಸಿಬೇಳೆಬಾತು, ಖಾರಾಬೂಂದಿ, ಶಾವಿಗೆ ಪಾಯಸ. ಮುನ್ನೂರ ಎಂಬತ್ತು ಜನ ಬಂದರು. ಪಾರ್ಕಿಂಗ್ ಸಾಲದೆ ಕಾರುಗಳು ಹುಲ್ಲಿನ ಮೇಲೆ ಹತ್ತಿದವು. ಎಲ್ಲರೂ ಸಾಲಾಗಿ ಬಂದು, ತುಪ್ಪದ ಕೈಯಲ್ಲೇ ಅವನ ಕೈ ಹಿಡಿದು "ಈ ಸಲ ನೀವೇ ಸಾರ್!" ಅಂದರು. ಹೊಟ್ಟೆ ತುಂಬಿದ್ದು ಅವರದು, ಎದೆ ಉಬ್ಬಿದ್ದು ಇವನದು. ಅದೇ ಮಧ್ಯಾಹ್ನ ಎದುರಾಳಿ ಮಾರ್ಗರೆಟ್, ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಉಣ್ಣೆಯ ಟೋಪಿ ಹಾಕಿಕೊಂಡು ಆ ಐನೂರು ಮನೆಗಳ ಬಾಗಿಲು ಒಂದೊಂದಾಗಿ ಬಡಿಯುತ್ತಿದ್ದಳು.

ಈಗ ಬೇಸ್‌ಮೆಂಟಿನಲ್ಲಿ ಸುರೇಶ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಎಂಟೂ ಮುಕ್ಕಾಲಿಗೆ ಟೌನಿನ ವೆಬ್‌ಸೈಟಿನಲ್ಲಿ ಪೂರ್ತಿ ಫಲಿತಾಂಶ ಬಂತು. ಅವನು ಪರದೆಯನ್ನು ತನ್ನ ಕಡೆಗೇ ವಾಲಿಸಿಕೊಂಡ.

"ಹೇಳಿ ಸುರೇಶಣ್ಣ!"

"ಮಾರ್ಗರೆಟ್... ಎರಡು ಸಾವಿರದ ಇನ್ನೂರ ಹದಿನಾಲ್ಕು. ನಾವು... ಸಾವಿರದ ಒಂಬೈನೂರ ಎಂಬತ್ತೇಳು."

"ರಿಫ್ರೆಶ್ ಮಾಡಿ."

ಮೂರು ಸಲ ಮಾಡಿದ. ಪುಟ ಫ್ರೆಶ್ಶಾಯಿತು, ಸಂಖ್ಯೆ ಅದೇ ಹಳಸಲು. ಇನ್ನೂರ ಇಪ್ಪತ್ತೇಳು ಮತದ ಸೋಲು. ಹರ್ಷವರ್ಧನನ ಮುಖದಿಂದ ಮೂರು ವಾರದ ಗೆಲುವು ಕಳಚಿ ಬಿತ್ತು. ಅದರ ಕೆಳಗೆ ಬೇರೆ ಮುಖ ಇಟ್ಟುಕೊಂಡೇ ಇರಲಿಲ್ಲ ಪಾಪ.

"ನಾನೂರ ಹನ್ನೆರಡು ಎಲ್ಲಿ ಹೋಯ್ತು?" ಅಂತ ಕಿರುಚಿದ. "ತಿಂದು ಕೈ ಒರೆಸ್ಕೊಂಡು ಹೋದ್ರಾ?"

"ನಮ್ಮೋರೇ ಕೈ ಕೊಟ್ರು," ಎಂದು ಮಾಲವಿಕಾ ಕಣ್ಣೊರೆಸಿಕೊಂಡಳು.

ಹರ್ಷವರ್ಧನ್ ನೇರ ಸೋಫಾದ ಹತ್ತಿರ ಬಂದು ಮಂಡಿಯೂರಿ ಈರವ್ವನ ಕೈ ಹಿಡಿದ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಆಂಟಿ, ಅಷ್ಟು ಜನರಲ್ಲಿ ನೀವೊಬ್ರೇ ನನಗೋಸ್ಕರ ಕಷ್ಟಪಟ್ಟಿದ್ದು."

ಎರಡು ವರ್ಷದಿಂದ ಕಾದ ಗಳಿಗೆ ಹೀಗೆ ಎಡವಟ್ಟಾಗಬೇಕೇ! ಕುಯ್ದವರಿಗೆ ಕುಯ್ಯಿಸಿಕೊಂಡವನು ವಂದನೆ ಹೇಳುತ್ತಿದ್ದ. ಯಾರು ಹೊಡೆದರೆಂದು ಹೊಡೆಸಿಕೊಂಡವನಿಗೆ ಗೊತ್ತಾಗದಿದ್ದರೆ ಅದು ಸೇಡು ಹೇಗಾದೀತು?

"ಹರ್ಷಾ, ಅವರ್ಯಾರೂ ಮೋಸ ಮಾಡಿಲ್ಲ," ಅಂದರು. "ಐವತ್ತೊಂಬತ್ತು ಮಂದಿ ಬಿಟ್ಟರ ಯಾರಿಗೂ ಇಲ್ಲಿ ವೋಟ ಇಲ್ಲ. ಅರ್ಧಾ ಮಂದಿ ಈ ದೇಶದ ಸಿಟಿಜನ್ನ ಅಲ್ಲ. ಉಳಿದವರು ಈ ವಾರ್ಡಿನವರಲ್ಲ."

ನಿಧಾನವಾಗಿ ಹರ್ಷವರ್ಧನನ ಮುಖದ ಮೇಲೆ ಮೂಡಿದ್ದು ಸಿಟ್ಟಲ್ಲ, ಕನಿಕರ.

"ಅಯ್ಯೋ ಆಂಟಿ... ನಿಮಗೆ ಅದು ಹೊಳೀಲೇ ಇಲ್ವಾ? ಇಲ್ಲ, ಇಲ್ಲ, ನಂದೇ ತಪ್ಪು. ಈ ವಯಸ್ಸಲ್ಲಿ ನಿಮಗೆ ಇಂಥ ಕೆಲಸ ಕೊಡಬಾರದಿತ್ತು."

"ಬಿಡಿ ಆಂಟಿ, ಮರೆವು ಯಾರಿಗಿಲ್ಲ," ಎಂದು ಮಾಲವಿಕಾ ಭುಜ ಸವರಿದಳು. ಸುತ್ತ ನಿಂತವರು "ಪಾಪ, ಪಾಪ" ಅಂದರು.

ಈರವ್ವನಿಗೆ ಎರಡು ದಾರಿ ಇತ್ತು. ಪಾಪದ ಮುದುಕಿಯಾಗಿ, ಬಾದೂಷ ಕಟ್ಟಿಸಿಕೊಂಡು ಮನೆಗೆ ಹೋಗಬಹುದು. ಬಳಗದಲ್ಲಿ ಹೆಸರು ಉಳಿಯುತ್ತದೆ. ಅಥವಾ ಹೆಸರು ಸುಟ್ಟುಕೊಂಡು ಸೇಡನ್ನು ತಮ್ಮ ಹೆಸರಿಗೇ ಬರೆಸಿಕೊಳ್ಳಬಹುದು. ಹೆಚ್ಚು ಯೋಚಿಸಲಿಲ್ಲ. ಚೀಲದಿಂದ ಫೋನು ತೆಗೆದು, ನಾಲ್ಕೂ ಕಾಲಮ್ಮಿನ ಪಟ್ಟಿ ಬಿಚ್ಚಿ, ಸುರೇಶನ ಕೈಗಿಟ್ಟರು.

"ಓದು. ಜೋರಾಗಿ ಓದು. ಮ್ಯಾಲಿನ ತಾರೀಖಿನಿಂದ ಓದು."

"ಜುಲೈ ಹದಿನಾಲ್ಕು," ಅಂದ ಸುರೇಶ. "ಯೂನಿಯನ್‌ವಿಲ್, ವೋಟಿಲ್ಲ. ಥಾರ್ನ್‌ಕ್ಲಿಫ್, ವೋಟಿಲ್ಲ. ಮಿಸ್ಸಿಸಾಗ, ವೋಟಿಲ್ಲ. ಮಿಸ್ಸಿಸಾಗ..." ಹತ್ತನೆಯ ಹೆಸರಿಗೆ ಅವನ ದನಿ ನೆಲ ಹಿಡಿಯಿತು.

"ಜುಲೈದಾಗ ಬರದಿಟ್ಟದ್ದು," ಅಂದರು ಈರವ್ವ. "ಮರವು ಅಲ್ಲಪಾ. ತಿಳದ ಮಾಡೀನಿ. ಆ ಊಟಾನೂ ನಾನ ಹಾಕಿಸೀನಿ, ನಿನ್ನ ಭಾನುವಾರ ಕಳೀಲಿ ಅಂತ. ಸೋಲಿಸಿದ್ದು ಮಾರ್ಗರೆಟ್ ಅಲ್ಲ, ನಾನು."

"ಯಾಕೆ?" ಹರ್ಷವರ್ಧನನ ದನಿ ಹುಡುಗನ ದನಿಯಾಗಿತ್ತು. "ಯಾಕಾಂಟಿ?"

"ಮುನ್ನೂರು ಮಂದಿ ಮುಂದ ನನ್ನ ಮ್ಯಾಲ ನಾನ ನಗೂಹಂಗ ಮಾಡಿದ್ಯಲ್ಲಾ, ಅದಕ್ಕ."

ಅವನು ಮಂಡಿಯಲ್ಲಿದ್ದವನು ಹಾಗೇ ನೆಲಕ್ಕೆ ಕುಸಿದು ಕೂತ. ಈಗ ಬಂದದ್ದು ನೆಟ್ಟಗಿನ ಅಳು. ಭುಜ ಕುಲುಕುವ, ಮೂಗು ಸೋರುವ ಅಳು. ಈರವ್ವ ಅದನ್ನು ಕಣ್ಣು ಮಿಟುಕಿಸದೆ ನೋಡಿದರು. ಮಾಲವಿಕಾ ಭುಜದ ಮೇಲಿಟ್ಟಿದ್ದ ಕೈಯನ್ನು ಬಿಸಿ ತಗುಲಿದ ಹಾಗೆ ತೆಗೆದಳು. ಸೋಫಾದ ಇನ್ನೊಂದು ತುದಿಯಲ್ಲಿದ್ದವರು ಎದ್ದು ಗೋಡೆಯ ಕಡೆ ಹೋದರು. ಈರವ್ವನನ್ನು ಕಾರಿನಲ್ಲಿ ಕರೆತಂದಿದ್ದ ಸುರೇಶ ಫೋನನ್ನು ಅವರ ಪಕ್ಕ ಇಟ್ಟು ತನ್ನ ಬೂಟುಗಳನ್ನೇ ನೋಡುತ್ತಾ ನಿಂತ.

"ಡಾಕ್ಟ್ರೇ, ನನಗೆ... ನನಗೆ ಬೇರೆ ಕಡೆ ಹೋಗೋದಿದೆ. ನಿಮಗೆ ಟ್ಯಾಕ್ಸಿ ಕರೀಲಾ?"

"ಕರಿ," ಅಂದರು ಈರವ್ವ, ಕಾಲು ಚಾಚಿ ಸೋಫಾಕ್ಕೆ ಚೆನ್ನಾಗಿ ಒರಗುತ್ತ. "ನಿಧಾನ ಬಾ ಅನ್ನು."