ಅತ್ತೆಯ ಮೂರನೇ ಕಾಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಚೇರಿಯಲ್ಲೂ ಹೇಳುತ್ತಾರೆ, ಮನೆಯಲ್ಲೂ ಹೇಳುತ್ತಾರೆ. ಸರ್ಕಾರ ಕೊಳ್ಳುವ ಹೊಸ ಯಂತ್ರಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಒಪ್ಪಿಗೆಯ ಸಹಿ ಹಾಕುವುದು ನನ್ನ ಕೆಲಸ. ಈ ಕೆಲಸಕ್ಕೆ ಒಂದಿಷ್ಟು ಕೋಪ ಬೇಕೇ ಬೇಕು ಎನ್ನುವುದು ನನ್ನ ವಾದ.

ಆ ಸಲ ಪರೀಕ್ಷೆಗೆ ಬಂದದ್ದು ಗಡಿಬೇಲಿಯ ಉದ್ದಕ್ಕೂ ನೆಲದಡಿ ಹೂತಿಟ್ಟ ಯಂತ್ರ. ಮೇಲೆ ಯಾರಾದರೂ ನಡೆದರೆ, ನೆಲ ಅದುರುವ ರೀತಿಯಿಂದಲೇ ಅದು ಮನುಷ್ಯನೋ ಪ್ರಾಣಿಯೋ ಎಂದು ಹೇಳುತ್ತದೆ. ಮನುಷ್ಯನಾದರೆ ಠಾಣೆಯಲ್ಲಿ ಗಂಟೆ ಬಾರಿಸುತ್ತದೆ, ಜೀಪು ಹೊರಡುತ್ತದೆ. ಪ್ರಾಣಿಯಾದರೆ ಪರದೆಯ ಮೇಲೊಂದು ಬೂದು ಚುಕ್ಕೆ, ಅಷ್ಟೇ. ನಾನು ಸಹಿ ಹಾಕಿದರೆ ಮುಂದಿನ ತಿಂಗಳಿಂದ ಬೇಲಿಯಗುಂಟ ಪೇದೆಗಳ ಕಾಲ್ನಡಿಗೆಯ ಗಸ್ತು ನಿಲ್ಲುತ್ತದೆ.

ಆ ಊರಿನಲ್ಲೇ ನನ್ನ ನಾದಿನಿಯ ಮನೆ. ಅತ್ತೆ ಇರುವುದೂ ಅಲ್ಲೇ, ನಾನು ಉಳಿದುಕೊಂಡದ್ದೂ ಅಲ್ಲೇ. ಅತ್ತೆಗೆ ಬೇಲಿಯ ಪಕ್ಕದಲ್ಲೊಂದು ತುಂಡು ಹುರುಳಿಕಾಯಿ ತೋಟವಿದೆ. ಸೊಂಟ ಮುರಿದು ಕೂಡಿಕೊಂಡ ಮೇಲೆ ಬಲಗಾಲು ಎಳೆಯುತ್ತಾ ಕೋಲೂರಿ ನಡೆಯುತ್ತಾರೆ. ಆದರೂ ಬೆಳಗಾದರೆ ತೋಟಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ. ಗಸ್ತಿನ ಪೇದೆ ಆ ದಾರಿಯಲ್ಲಿ ಹಾದುಹೋಗುವಾಗ "ಅಜ್ಜೀ, ಇದ್ದೀರಾ?" ಎಂದು ಕೂಗುತ್ತಾನೆ. "ಇದ್ದೀನಪ್ಪಾ, ಇನ್ನೆಲ್ಲಿಗೆ ಹೋಗ್ಲಿ!" ಎಂದು ಇವರು ಕೂಗುತ್ತಾರೆ. ಸೊಂಟ ಮುರಿದ ದಿನ ಅವನಿಗೆ ಉತ್ತರ ಬಂದಿರಲಿಲ್ಲ. ಬಳ್ಳಿಗಳ ನಡುವೆ ನುಗ್ಗಿ ಹುಡುಕಿ, ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನು ಅವನೇ.

ಪರೀಕ್ಷೆ ಶುರುವಾಯಿತು. ಅತ್ತೆಯ ತೋಟದ ಹತ್ತಿರವೇ ಇದ್ದ ಯಂತ್ರದ ಕೋಣೆಗೆ ಕಿಟಕಿಯೇ ಇರಲಿಲ್ಲ; ಬೆಳಕು ಬಿದ್ದರೆ ಪರದೆ ಕಾಣುವುದಿಲ್ಲವಂತೆ. ಪೇದೆಗಳು ಒಬ್ಬೊಬ್ಬರಾಗಿ ಬೂಟು ಕುಟ್ಟುತ್ತಾ ನಡೆದರು, ಪ್ರತಿಸಲವೂ ಗಂಟೆ ಬಾರಿಸಿತು. ಕುರಿಗಳನ್ನು ಬಿಟ್ಟರು, ಗಂಟೆ ಸುಮ್ಮನಿತ್ತು. ಕಂಪನಿಯ ಎಂಜಿನಿಯರ್ ಹಿಗ್ಗಿ ಹೀರೇಕಾಯಿಯಾದ.

"ಪೇದೆಗಳನ್ನ ಬಿಟ್ಟು ಬೇರೆ ಯಾರನ್ನಾದ್ರೂ ನಡೆಸಿದ್ದೀರೇನ್ರೀ?" ಎಂದೆ.

"ಬೇರೆಯವರು ಅಂದ್ರೆ, ಮೇಡಂ?"

ನನಗೆ ರೇಗಿತು. ಸೀದಾ ಹೊರಗೆ ಬಂದೆ. ಅತ್ತೆ ಕಾಯಿ ಕಿತ್ತು ಮುಗಿಸಿ ಮನೆಗೆ ಹೊರಟಿದ್ದರು. "ಅತ್ತೆ, ಬೇಲಿ ಪಕ್ಕದಲ್ಲೇ ಹೋಗಿ. ಈ ಹಳದಿ ಕಂಬದಿಂದ ಆ ಕೆಂಪು ಕಂಬದವರೆಗೆ ನಡೆದು, ಹಾಗೇ ಮನೆಗೆ ಹೋಗ್ಬಿಡಿ. ನಿಮ್ಮ ನಡಿಗೆ ನೋಡ್ಬೇಕು."

"ಈ ವಯಸ್ಸಲ್ಲಿ ನನ್ನ ನಡಿಗೆ ನೋಡೋಕೆ ಸರ್ಕಾರ ಬಂತಾ? ಒಂಚೂರು ಮೊದ್ಲೇ ಬರೋದಲ್ವೇನೇ!" ಎಂದು ಸೆರಗು ಸರಿಮಾಡಿಕೊಂಡು ಹೊರಟರು.

ನಾನು ಒಳಗೆ ಬಂದು ನೋಡಿದರೆ ಪರದೆಯ ಮೇಲೆ ಬೂದು ಚುಕ್ಕೆ. ಪಕ್ಕದಲ್ಲಿ ಅಕ್ಷರ: ಪ್ರಾಣಿ, ಕುರಿಯ ಗಾತ್ರ. ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

"ಕೋಲು ಮೂರನೇ ಕಾಲಾಗ್ಬಿಟ್ಟಿದೆ ಮೇಡಂ," ಎಂದ ಎಂಜಿನಿಯರ್. "ಹೋಗ್ಲಿ ಬಿಡಿ, ಆ ಅಜ್ಜಿಯಿಂದ ದೇಶಕ್ಕೇನು ಅಪಾಯ?"

ಚುಕ್ಕೆ ಎರಡು ಕಂಬಗಳ ನಡುವೆ ನಿಂತಿತು. ಸುಧಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಟೀ ಬಂತು. ಲೋಟ ಕೈಗೆತ್ತಿಕೊಂಡು ಎಂಜಿನಿಯರ್ ಜೊತೆ ವಾದಕ್ಕಿಳಿದೆ. ಅರ್ಧ ಟೀ ಕುಡಿಯುವ ಹೊತ್ತಿಗೆ ಚುಕ್ಕೆ ಮಾಯವಾಗಿ, ಅದಿದ್ದ ಕಡೆ ಹೊಸ ಅಕ್ಷರ ಮೂಡಿತು: ಪ್ರಾಣಿ ಹೊರಟುಹೋಗಿದೆ.

"ನೋಡಿ, ಮನೆ ಸೇರಿದ್ರು," ಎಂದ ಅವನು.

ಮನೆ ಇರುವುದು ಕೆಂಪು ಕಂಬದ ಆಚೆ. ಚುಕ್ಕೆ ಅಲ್ಲಿಯವರೆಗೆ ಹೋಗಿರಲೇ ಇಲ್ಲ. ಲೋಟ ಕುಕ್ಕಿ ಎದ್ದೆ. "ಕಂಬ ದಾಟ್ದೇ ಹೇಗ್ರೀ ಹೋಗ್ತಾರೆ?"

"ಸ್ವಲ್ಪ ಹೊತ್ತು ಅಲುಗಾಡದಿದ್ರೆ ಅದು ಹಾಗೇ ತೋರಿಸುತ್ತೆ ಮೇಡಂ..."

ಪೂರ್ತಿ ಕೇಳಿಸಿಕೊಳ್ಳಲು ನಾನು ಅಲ್ಲಿರಲಿಲ್ಲ. ಅತ್ತೆ ಬೇಲಿ ಪಕ್ಕದ ಚರಂಡಿಯಲ್ಲಿ ಬಿದ್ದಿದ್ದರು. ಪಾದ ತಿರುಚಿಕೊಂಡು ಊದಿತ್ತು, ಹುರುಳಿಕಾಯಿ ಚೆಲ್ಲಾಪಿಲ್ಲಿಯಾಗಿತ್ತು, ಮುಖ ಬಿಳಿಚಿಕೊಂಡಿತ್ತು. ಬಾಯಿ ಮಾತ್ರ ಗಟ್ಟಿಯಾಗಿಯೇ ಇತ್ತು.

"ಕೂಗಿ ಕೂಗಿ ಗಂಟಲು ಹರಿದ್ಹೋಯ್ತು. ಎಲ್ಲಿ ಹಾಳಾಗಿ ಹೋಗಿದ್ರಿ ಎಲ್ರೂ?"

ನಾನು ಚರಂಡಿಗಿಳಿದು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವರೇ ಮಣ್ಣುಗೈಯಲ್ಲಿ ನನ್ನ ಕಣ್ಣೊರೆಸಿದರು. "ಸಾಕು ಸುಮ್ನಿರೇ, ಸತ್ತಿಲ್ಲ ನಾನು. ಆ ಯಂತ್ರ ನನ್ನನ್ನ ಏನಂತು?"

ನಾನು ಚೆಲ್ಲಿದ ಕಾಯಿ ಆರಿಸತೊಡಗಿದೆ. ಮತ್ತೆ ಕೇಳಿದರು. "ಕುರಿ ಅಂತು, ಅತ್ತೆ."

ನಕ್ಕರು. ನಗು ಅರ್ಧಕ್ಕೇ ನಿಂತಿತು. "ಹಾಗಿದ್ರೆ ಪೇದೆ ಬರೋದು ನಿಂತ ಮೇಲೆ, ನಾನಿಲ್ಲಿ ಬಿದ್ರೆ..." ಎಂದು ಬೇಲಿಯ ಉದ್ದಕ್ಕೂ ನೋಡಿದರು.

ನಾನು ಸಹಿ ಹಾಕಲಿಲ್ಲ. ಸಂಜೆ ನಿರ್ದೇಶಕರ ಫೋನು ಬಂತು. "ಸಹಿ ಹಾಕಿ ಕಳಿಸಮ್ಮಾ. ಮುದುಕರ ವಿಷಯ ಆಮೇಲೆ ಸರಿಮಾಡಿಸೋಣ. ಅದೂ ನಿನ್ನ ಸ್ವಂತ ಅತ್ತೆ ಅಂತೆ! ಕೇಳಿದವರು ಏನಂತಾರೆ?"

"ಅವರು ನನ್ನ ಅತ್ತೆ ಅಂತ ವರದಿಯ ಮೊದಲನೇ ಸಾಲಲ್ಲೇ ಬರೆದಿದ್ದೀನಿ, ಸರ್."

"ಹಾಗಿದ್ರೆ ಬೇರೆ ಯಾರನ್ನಾದ್ರೂ ಕಳಿಸ್ಬೇಕಾಗುತ್ತೆ."

"ಕಳಿಸಿ ಸರ್. ಅವರೂ ಕೋಲೂರಿಕೊಂಡು ನಡೆಯೋರನ್ನ ಒಂದ್ಸಲ ನಡೆಸಿ ನೋಡ್ಲಿ. ಅಲ್ಲೀವರೆಗೂ ಗಸ್ತು ನಿಲ್ಸೋ ಹಾಗಿಲ್ಲ."

ಫೋನಿಟ್ಟ ಮೇಲೆ ಕೋಪ ಇಳಿಯಿತು, ನಿದ್ದೆ ಮಾತ್ರ ಹತ್ತಲಿಲ್ಲ. ನಿರ್ದೇಶಕರ ಮಾತಿನಲ್ಲೂ ಒಂದು ಮುಳ್ಳಿತ್ತು. ಆ ಚುಕ್ಕೆ ನನ್ನ ಅತ್ತೆಯದಲ್ಲದೆ ಬೇರೆ ಯಾರದೋ ಆಗಿದ್ದರೆ ನಾನು ಟೀ ಮುಗಿಸಿಯೇ ಏಳುತ್ತಿದ್ದೆನೇನೋ.

ಬೆಳಗ್ಗೆ ಅತ್ತೆ ಪಟ್ಟಿ ಕಟ್ಟಿದ ಕಾಲು ಚಾಚಿಕೊಂಡು ಮಲಗಿದ್ದಲ್ಲಿಂದಲೇ ಅಪ್ಪಣೆ ಕೊಡಿಸಿದರು. "ನೀನು ತೋಟಕ್ಕೆ ಹೋಗಿ ಕೂತ್ಕೋ. ಪೇದೆ ಕೂಗ್ತಾನೆ. ಉತ್ತರ ಬರದಿದ್ರೆ ಪಾಪ, ಗಾಬರಿ ಬೀಳ್ತಾನೆ."

ಹೋಗಿ ಬಳ್ಳಿಗಳ ನಡುವೆ ಕೂತೆ. ಬೂಟಿನ ಸದ್ದು ಹತ್ತಿರವಾಯಿತು.

"ಅಜ್ಜೀ, ಇದ್ದೀರಾ?"

ಅಜ್ಜಿ ನಾನಲ್ಲವಲ್ಲ, ಏನೆಂದು ಕೂಗಲಿ ಎಂದು ತಡವರಿಸಿದೆ. ಅವನು ಇನ್ನೊಮ್ಮೆ ಕೂಗಿದ. ಆಮೇಲೆ ಲಾಠಿ ಕೆಳಗೆ ಬಿದ್ದ ಸದ್ದು, ಬಳ್ಳಿಗಳನ್ನು ಎರಡೂ ಕೈಯಲ್ಲಿ ಸರಿಸುತ್ತಾ ಓಡಿಬರುತ್ತಿದ್ದ ಸದ್ದು.

"ಇದ್ದಾರೆ!" ಎಂದು ಕೂಗಿದೆ. "ಇದ್ದಾರಪ್ಪಾ, ಮನೇಲಿದ್ದಾರೆ!"